ಆರು ವಾರವೇ ಏಕೆ?

ಎಲುಬಿನೊಳಗೆ ಕೀವಾಗಿದೆಯೆಂದು ನಿಶ್ಚಯವಾದ ದಿನ ರೋಗಿಯ ಮನೆಯವರು ವೈದ್ಯರ ಬಾಯಿಂದ ಕೇಳುವ ಮೊದಲ ಮಾತು ಸಾಮಾನ್ಯವಾಗಿ "ಆರು ವಾರ" ಎಂಬುದು. ಆರು ವಾರ ರಕ್ತನಾಳಕ್ಕೆ ಔಷಧ ಹರಿಸಬೇಕು, ಆಮೇಲೆ ನೋಡೋಣ, ಎನ್ನುತ್ತಾರೆ. ನಲವತ್ತೆರಡು ದಿನಗಳು! ಮಲಗಿದವರು ಮನೆಯ ಯಜಮಾನರಾದರೆ ರಜೆಯ ಲೆಕ್ಕ, ಸಂಬಳದ ಲೆಕ್ಕ. ಗೃಹಿಣಿಯಾದರೆ ಮಕ್ಕಳಿಗೆ ಬೇಯಿಸಿಹಾಕುವವರು ಯಾರೆಂಬ ಚಿಂತೆ. ಹುಡುಗನಾದರೆ ವಾರ್ಷಿಕ ಪರೀಕ್ಷೆ. ಊರಿನಿಂದ ಅತ್ತೆಯನ್ನೋ ದೊಡ್ಡಮ್ಮನನ್ನೋ ಕರೆಸಿಕೊಳ್ಳುವ ಏರ್ಪಾಡು ಅಂದೇ ಆರಂಭವಾಗುತ್ತದೆ. ಈ ಗಡಿಬಿಡಿಯಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆರು ವಾರವೇ ಏಕೆ? ನಾಲ್ಕು ಏಕಾಗಬಾರದು, ಹನ್ನೆರಡು ಏಕಾಗಬಾರದು? ಸೂಜಿಯೇ ಏಕೆ, ಮಾತ್ರೆ ಏಕಾಗಬಾರದು?

ಕೇಳಿದ್ದರೂ ಬಹುಕಾಲದವರೆಗೆ ಅವರಿಗೆ ಸಮರ್ಪಕವಾದ ಉತ್ತರ ದೊರೆಯುತ್ತಿರಲಿಲ್ಲ. ಎಲುಬು ಮತ್ತು ಕೀಲುಗಳ ಸೋಂಕಿನ ವಿಷಯದಲ್ಲಿ ಸಂಶೋಧಕರು ಇನ್ನು ಮುಂದೆ ಯಾವುದಕ್ಕೆ ಆದ್ಯತೆ ಕೊಡಬೇಕು ಎಂಬ ಚರ್ಚೆ ಈಗ ದೇಶದೇಶಗಳಲ್ಲಿ ನಡೆಯುತ್ತಿದೆ. ಹೊಸ ಔಷಧವೊಂದು ಬೇಕು, ಕೃತಕ ಕೀಲಿಗೆ ಹೊಸ ಲೇಪ ಬೇಕು, ಕ್ರಿಮಿಗಳನ್ನೇ ತಿಂದುಹಾಕುವ ವೈರಸ್ಸುಗಳನ್ನು ಪಳಗಿಸಬೇಕು ಎಂದು ನಾನಾ ಮಾತುಗಳು ಕೇಳಿಬರುತ್ತವೆ. ಎಲ್ಲವೂ ಬೇಕಾದುವೇ. ಆದರೆ ಪಟ್ಟಿಯ ತಲೆಯಲ್ಲಿರಬೇಕಾದುದು ರೋಗಿಯ ಮನೆಯವರು ಕೇಳಲು ಸಂಕೋಚಪಡುವ ಆ ಸಾದಾ ಪ್ರಶ್ನೆಗಳೇ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಆಧಾರವನ್ನು ವಾಚಕರ ಮುಂದಿಡುತ್ತೇನೆ.

ಎಲುಬೆಂದರೆ ಕಲ್ಲುಕಂಬದಂತೆ ಜಡವಾದ ವಸ್ತುವೆಂಬ ಭಾವನೆ ಬಹುಜನರಲ್ಲಿದೆ. ಹಾಗಲ್ಲ; ಅದು ಜೀವಂತವಾದ ಅಂಗ. ಅದರೊಳಗೆ ರಕ್ತ ಹರಿಯುತ್ತದೆ, ಮಜ್ಜೆಯಲ್ಲಿ ಹೊಸ ರಕ್ತಕಣಗಳು ಹುಟ್ಟುತ್ತವೆ, ಹಳೆಯ ಎಲುಬು ಕರಗಿ ಹೊಸದು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಬೆಳೆಯುವ ಮಕ್ಕಳಲ್ಲಿ ಕೈಕಾಲುಗಳ ಉದ್ದೆಲುಬುಗಳ ತುದಿಯ ಬಳಿ ರಕ್ತನಾಳಗಳು ಕೊಂಡಿಯಂತೆ ಬಾಗಿರುವುದರಿಂದ ಅಲ್ಲಿ ರಕ್ತದ ಓಟ ನಿಧಾನ. ಹೊಳೆಯ ತಿರುವಿನಲ್ಲಿ ಕಸಕಡ್ಡಿ ನಿಲ್ಲುವಂತೆ, ರಕ್ತದಲ್ಲಿ ತೇಲಿಬಂದ ರೋಗಾಣು ಅಲ್ಲಿ ತಂಗುತ್ತದೆ. ಹೀಗೆ ತಂಗುವವುಗಳಲ್ಲಿ ಮುಖ್ಯವಾದುದು ಸ್ಟಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಇದೇನೂ ದೂರದ ಶತ್ರುವಲ್ಲ. ಆರೋಗ್ಯವಂತರಾದ ನೂರು ಮಂದಿಯಲ್ಲಿ ಸುಮಾರು ಮೂವತ್ತು ಮಂದಿಯ ಮೂಗಿನೊಳಗೆ ಸದ್ದಿಲ್ಲದೆ ವಾಸವಾಗಿರುವಂಥದು.

ಮೈಯ ಬೇರೆಡೆ ಕೀವಾದರೆ ಚರ್ಮ ಊದುತ್ತದೆ, ಒಡೆಯುತ್ತದೆ, ಕೀವು ಹರಿದುಹೋಗುತ್ತದೆ. ಎಲುಬಿನ ಗೋಡೆ ಊದುವಂತಿಲ್ಲ. ಒಳಗೆ ಒತ್ತಡ ಏರಿ, ರಕ್ತನಾಳಗಳು ಅದುಮಿಹೋಗಿ, ಆ ಭಾಗದ ಎಲುಬು ಸಾಯುತ್ತದೆ. ಸತ್ತ ಚೂರಿಗೆ ರಕ್ತವಿಲ್ಲ. ರಕ್ತ ಹೋಗದ ಕಡೆಗೆ ಔಷಧವೂ ಹೋಗಲಾರದು, ಶರೀರದ ಕಾವಲುಗಾರರಾದ ಬಿಳಿಯ ಕಣಗಳೂ ಹೋಗಲಾರವು. ಕ್ರಿಮಿಗಳಿಗೆ ಇದಕ್ಕಿಂತ ಭದ್ರವಾದ ಕೋಟೆ ಇನ್ನೇನು ಬೇಕು? ಗಾಯ ಮಾಯ್ದು ಹತ್ತಾರು ವರ್ಷಗಳಾದ ಮೇಲೆ ಅದೇ ಕಾಲು ಮತ್ತೆ ಕೀವಾಡಿದ ದೃಷ್ಟಾಂತಗಳು ವೈದ್ಯಗ್ರಂಥಗಳಲ್ಲಿ ಹೇರಳವಾಗಿವೆ. 2017ರಲ್ಲಿ ಅಮೆರಿಕೆಯ ರಾಚೆಸ್ಟರ್ ವಿಶ್ವವಿದ್ಯಾಲಯದವರು ಇಲಿಗಳ ಎಲುಬನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಎಲುಬಿನ ಜೀವಕೋಶಗಳ ನಡುವೆ ಅತಿಸೂಕ್ಷ್ಮವಾದ ಕಾಲುವೆಗಳಿವೆ. ಅವುಗಳ ಅಗಲ ಈ ಕ್ರಿಮಿಯ ಮೈಗಿಂತ ಕಿರಿದು. ಆದರೂ ದುಂಡಗಿನ ಆ ಕ್ರಿಮಿ ತನ್ನ ಮೈಯನ್ನು ಸಪೂರ ಮಾಡಿಕೊಂಡು ಅವುಗಳೊಳಗೆ ನುಸುಳಿತ್ತು! ಬೆಕ್ಕಿಗೆ ಹೆದರಿದ ಇಲಿ ಬಿಲ ಸೇರಿದಂತೆ ಎನ್ನಬಹುದು. ಇಲ್ಲಿ ಬಿಲ ಮಾತ್ರ ಇಲಿಯ ಎಲುಬಿನಲ್ಲಿಯೇ ಇತ್ತು.

ಇಂಥ ಕೋಟೆಯನ್ನು ಮುರಿಯಲು ಹಿಂದಿನ ಶಸ್ತ್ರವೈದ್ಯರ ಬಳಿ ಇದ್ದುದು ಕತ್ತಿ, ಉಳಿ, ಸುತ್ತಿಗೆ. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಅವರ ಸಂಗಡಿಗರು ಪೆನಿಸಿಲಿನ್ನನ್ನು ಮನುಷ್ಯರ ಮೇಲೆ ಪ್ರಯೋಗಿಸಿದಾಗ ಮೊತ್ತಮೊದಲ ಬೆರಳೆಣಿಕೆಯ ರೋಗಿಗಳಲ್ಲಿ ಒಬ್ಬ 15 ವರ್ಷದ ಹುಡುಗ. ಸೊಂಟದ ಕೀಲಿಗೆ ಲೋಹದ ಮೊಳೆ ಕೂರಿಸಿದ ಮೇಲೆ ಅವನಿಗೆ ಅಲ್ಲಿ ಕೀವಾಗಿತ್ತು. ಔಷಧ ಎಷ್ಟು ದುರ್ಲಭವಾಗಿತ್ತೆಂದರೆ, ರೋಗಿಗಳ ಮೂತ್ರದಿಂದ ಅದನ್ನು ಮತ್ತೆ ಬೇರ್ಪಡಿಸಿ ಉಪಯೋಗಿಸಬೇಕಾಯಿತು. ಹುಡುಗ ಗುಣ ಹೊಂದಿದ. ಆ ಪೆನಿಸಿಲಿನ್ ಜಠರದ ಆಮ್ಲದಲ್ಲಿ ಕೆಟ್ಟುಹೋಗುತ್ತಿದ್ದುದರಿಂದ ಅದನ್ನು ಸೂಜಿಯ ಮೂಲಕವೇ ಕೊಡಬೇಕಾಗಿತ್ತು. ಈ ಒಂದು ಕಾರಣವನ್ನು ವಾಚಕರು ನೆನಪಿನಲ್ಲಿಡಬೇಕು; ಎಲುಬಿನ ಸೋಂಕಿಗೂ ಸೂಜಿಗೂ ಬಿದ್ದ ಗಂಟಿಗೆ ಮೂಲ ಅಲ್ಲಿದೆ.

ವಾರಗಳ ಲೆಕ್ಕ ಬಂದುದು ಅನಂತರ. 1970ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವಾಲ್ಡ್‌ಫೋಗೆಲ್, ಮೆಡಾಫ್, ಸ್ವಾರ್ಟ್ಜ್ ಎಂಬ ಮೂವರು ವೈದ್ಯರು ತಮ್ಮಲ್ಲಿ ಚಿಕಿತ್ಸೆ ಪಡೆದ ರೋಗಿಗಳ ದಾಖಲೆಗಳನ್ನು ತಿರುವಿಹಾಕಿ ಒಂದು ದೀರ್ಘ ಲೇಖನವನ್ನು ಬರೆದರು. ಅಲ್ಪಕಾಲ ಔಷಧ ಪಡೆದವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಅವರಿಗೆ ಕಂಡಿತು. ಕಡೆಯ ಪಕ್ಷ ನಾಲ್ಕು ವಾರ ಸೂಜಿಮದ್ದು ಬೇಕೆಂದರು. ಎಲುಬಿನಲ್ಲಿ ರಕ್ತಸಂಚಾರ ಪುನಃ ಏರ್ಪಡಲು ತಗಲುವ ಕಾಲವನ್ನೂ ಸೇರಿಸಿಕೊಂಡು ಇದು ನಾಲ್ಕರಿಂದ ಆರು ವಾರವಾಯಿತು. ಕ್ರಮೇಣ ಆರೇ ನಿಂತಿತು. ಅವರು ಮಾಡಿದ್ದು ಪ್ರಾಮಾಣಿಕವಾದ ಕೆಲಸ. ಆದರೆ ಅದು ಗತಿಸಿದ ರೋಗಿಗಳ ಕಡತವನ್ನು ನೋಡಿ ಮಾಡಿದ ಊಹೆಯೇ ಹೊರತು, ಒಂದು ಗುಂಪಿಗೆ ಹೀಗೆ, ಇನ್ನೊಂದಕ್ಕೆ ಹಾಗೆ ಕೊಟ್ಟು ತೂಗಿ ನೋಡಿದ ಪರೀಕ್ಷೆಯಲ್ಲ. ಗುರುಗಳು ಹೇಳಿದ್ದನ್ನು ಶಿಷ್ಯರು ಹೇಳಿದರು, ಶಿಷ್ಯರು ಹೇಳಿದ್ದನ್ನು ಪಠ್ಯಪುಸ್ತಕಗಳು ಹೇಳಿದುವು. ನಮ್ಮ ಮನೆಗಳ ಎಷ್ಟೋ ಆಚಾರಗಳು ಬೆಳೆದು ಬಂದಿರುವುದೂ ಇದೇ ರೀತಿಯಲ್ಲಲ್ಲವೆ?

ಆ ತೂಕದ ಪರೀಕ್ಷೆ ನಡೆಯಲು ಸುಮಾರು ನಲವತ್ತು ವರ್ಷ ಬೇಕಾಯಿತು. ಪೆನಿಸಿಲಿನ್ನಿನ ಊರಾದ ಅದೇ ಆಕ್ಸ್‌ಫರ್ಡಿನ ವೈದ್ಯರ ಮುಂದಾಳುತನದಲ್ಲಿ, 2010ರಿಂದ 2015ರವರೆಗೆ, ಬ್ರಿಟನ್ನಿನ 26 ಆಸ್ಪತ್ರೆಗಳಲ್ಲಿ ಎಲುಬು ಅಥವಾ ಕೀಲಿನ ಸೋಂಕಿದ್ದ 1054 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿದರು. ಒಂದಕ್ಕೆ ಮೊದಲ ಆರು ವಾರವೂ ರಕ್ತನಾಳದ ಮೂಲಕ ಔಷಧ. ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆಯಾದ ಅಥವಾ ಔಷಧ ಆರಂಭವಾದ ಒಂದು ವಾರದೊಳಗೆ ಬಾಯಿಯ ಮೂಲಕ ಮಾತ್ರೆ. ಒಂದು ವರ್ಷ ಅವರನ್ನು ಹಿಂಬಾಲಿಸಿ ನೋಡಿದರು. ‘ಓವಿವಾ’ ಎಂದು ಹೆಸರಾದ ಈ ಅಧ್ಯಯನದ ಫಲಿತಾಂಶ 2019ರ ಜನವರಿಯಲ್ಲಿ ಹೊರಬಂತು. ಚಿಕಿತ್ಸೆ ವಿಫಲವಾದದ್ದು ಸೂಜಿಯವರಲ್ಲಿ ಶೇಕಡಾ 14.6, ಮಾತ್ರೆಯವರಲ್ಲಿ ಶೇಕಡಾ 13.2. ಎಂದರೆ ಮಾತ್ರೆ ಯಾವ ರೀತಿಯಲ್ಲೂ ಕಡಮೆಯಾಗಲಿಲ್ಲ. ತೋಳಿನ ನಾಳದಲ್ಲಿ ನಳಿಕೆ ಇಟ್ಟುಕೊಂಡದ್ದರಿಂದಲೇ ಆಗುವ ತೊಂದರೆಗಳು ಸೂಜಿಯ ಪಂಗಡದಲ್ಲಿ ಶೇಕಡಾ 9.4ರಷ್ಟಿದ್ದರೆ ಇನ್ನೊಂದರಲ್ಲಿ ಶೇಕಡಾ 1 ಮಾತ್ರ. ಮಾತ್ರೆ ನುಂಗಿದವರು ಆಸ್ಪತ್ರೆಯಿಂದ ಬೇಗ ಮನೆಗೂ ಬಂದರು.

ಇದನ್ನೋದಿ ಯಾರೂ ತಮ್ಮ ನಳಿಕೆಯನ್ನು ತಾವೇ ಕಿತ್ತುಹಾಕಲು ಹೊರಡಬಾರದು. ಆ ರೋಗಿಗಳಲ್ಲಿ ಬಹುಮಂದಿಗೆ ಮೊದಲು ಶಸ್ತ್ರಚಿಕಿತ್ಸೆಯಾಗಿತ್ತು. ಯಾವ ಕ್ರಿಮಿಗೆ ಯಾವ ಮಾತ್ರೆ ಎಂಬುದನ್ನು ಆರಿಸಿದವರು ಸೋಂಕುರೋಗಗಳ ತಜ್ಞರು. ರಕ್ತದಲ್ಲಿ ಕ್ರಿಮಿ ಹರಡಿ ಜೀವಕ್ಕೆ ಅಪಾಯವಿದ್ದವರಿಗೆ ಈ ಲೆಕ್ಕ ಅನ್ವಯಿಸದು. ಪೆನಿಸಿಲಿನ್ನಿನ ಕಾಲಕ್ಕಿಲ್ಲದ, ಜಠರವನ್ನು ದಾಟಿ ಎಲುಬಿನವರೆಗೆ ತಲಪುವ ಔಷಧಗಳು ಈಗ ಇವೆ ಎಂಬುದೇ ಇಲ್ಲಿಯ ಗುಟ್ಟು; ಎಲ್ಲ ಮಾತ್ರೆಗಳೂ ಅಂಥವಲ್ಲ.

ಮಾತ್ರೆಯ ಪ್ರಶ್ನೆ ಒಂದು ಮಟ್ಟಿಗೆ ತೀರಿತು. ಇನ್ನು ಎಷ್ಟು ದಿನ ಎಂಬ ಪ್ರಶ್ನೆ. ಇದು ಬಲು ತೊಡಕಿನದು. ಫಿನ್ಲೆಂಡಿನಲ್ಲಿ ಪೆಲ್ಟೋಲ ಎಂಬವರು ಮತ್ತು ಅವರ ಸಂಗಡಿಗರು ಮಕ್ಕಳ ಮೇಲೆ ಪರೀಕ್ಷೆ ನಡೆಸಿ 2009 ಮತ್ತು 2010ರಲ್ಲಿ ಪ್ರಕಟಿಸಿದರು. ಹೊಸದಾಗಿ ಎಲುಬಿಗೆ ಸೋಂಕು ತಗಲಿದ, ಅದುವರೆಗೆ ಆರೋಗ್ಯವಾಗಿದ್ದ ಮಕ್ಕಳಿಗೆ 30 ದಿನಕ್ಕೆ ಬದಲು 20 ದಿನ ಸಾಕಾಯಿತು; ಕೀಲಿನ ಸೋಂಕಿಗೆ 10 ದಿನವೇ ಸಾಕಾಯಿತು. ಅದರಲ್ಲಿಯೂ ಸೂಜಿ ಮೊದಲ ಕೆಲವು ದಿನ ಮಾತ್ರ. ಮಗು ಚಿಕ್ಕದು, ರಕ್ತಸಂಚಾರ ಚುರುಕು, ಎಲುಬು ಇನ್ನೂ ಸತ್ತಿಲ್ಲ; ಆದಕಾರಣ ಬೇಗ ಗುಣ.

ಫ್ರಾನ್ಸಿನಲ್ಲಿ ಲೂಯಿ ಬರ್ನಾರ್ಡ್ ಎಂಬ ವೈದ್ಯರು ದೊಡ್ಡವರ ಬೆನ್ನೆಲುಬಿನ ಸೋಂಕನ್ನು ಎತ್ತಿಕೊಂಡರು. ಆರು ವಾರವೋ ಹನ್ನೆರಡು ವಾರವೋ? 2015ರಲ್ಲಿ ಬಂದ ಉತ್ತರ: ಎರಡು ಪಂಗಡದಲ್ಲಿಯೂ ನೂರಕ್ಕೆ 90.9 ಮಂದಿ ಗುಣವಾಗಿದ್ದರು. ಆರು ವಾರ ಹೆಚ್ಚಿಗೆ ಔಷಧ ತಿಂದವರಿಗೆ ಅದರಿಂದ ಏನೂ ಹೆಚ್ಚಿಗೆ ದೊರೆತಿರಲಿಲ್ಲ. ಈ ಗೆಲುವಿನಿಂದ ಉತ್ಸಾಹಗೊಂಡು ಅದೇ ಬರ್ನಾರ್ಡ್ ಅದೇ ಪ್ರಶ್ನೆಯನ್ನು ಕೃತಕ ಕೀಲುಗಳ ಸೋಂಕಿನಲ್ಲಿ ಕೇಳಿದರು. ಸುಮಾರು 400 ರೋಗಿಗಳು, ಅದೇ ಆರು, ಅದೇ ಹನ್ನೆರಡು. 2021ರಲ್ಲಿ ಉತ್ತರ ಬಂದಾಗ ತಕ್ಕಡಿ ಇನ್ನೊಂದು ಕಡೆಗೆ ವಾಲಿತ್ತು. ಆರು ವಾರದವರಲ್ಲಿ ಶೇಕಡಾ 18.1 ಮಂದಿಗೆ ಸೋಂಕು ಉಳಿದಿತ್ತು. ಹನ್ನೆರಡು ವಾರದವರಲ್ಲಿ ಶೇಕಡಾ 9.4. ಒಬ್ಬನೇ ಸಂಶೋಧಕ, ಒಂದೇ ದೇಶ, ಒಂದೇ ಪ್ರಶ್ನೆ, ಎರಡು ಉತ್ತರ. ಕಡಮೆ ದಿನ ಸಾಕೆಂದು ಊಹೆಯಿಂದಲೇ ನಿರ್ಧರಿಸಿದ್ದರೆ ಎಷ್ಟು ಮಂದಿಗೆ ಹಾನಿಯಾಗುತ್ತಿತ್ತೆಂದು ಯೋಚಿಸಿ ನೋಡಿ.

ಕೃತಕ ಕೀಲು ಹೀಗೆ ಹಟ ಹಿಡಿಯುವುದೇಕೆ? ಲೋಹಕ್ಕೂ ಪ್ಲಾಸ್ಟಿಕ್ಕಿಗೂ ರಕ್ತವಿಲ್ಲ. ಅದರ ಮೇಲೆ ಕುಳಿತ ಕ್ರಿಮಿಗಳು ಬಂಡೆಯ ಮೇಲಿನ ಪಾಚಿಯಂತೆ ಒಂದು ಅಂಟುಪೊರೆಯನ್ನು ಹೆಣೆದುಕೊಂಡು ಅದರೊಳಗೆ ಅರೆನಿದ್ರೆಯಲ್ಲಿರುತ್ತವೆ. ಬಹುಪಾಲು ಔಷಧಗಳು ಬೆಳೆಯುತ್ತಿರುವ ಕ್ರಿಮಿಯನ್ನು ಕೊಲ್ಲಬಲ್ಲುವೇ ಹೊರತು ನಿದ್ರಿಸುತ್ತಿರುವುದನ್ನಲ್ಲ. ಲೋಹದ ಮೈಯನ್ನು ಮೊದಲು ಮುಟ್ಟುವುದು ಶರೀರದ ಜೀವಕೋಶವೋ ಕ್ರಿಮಿಯೋ ಎಂಬುದೊಂದು ಓಟದ ಪಂದ್ಯವೆಂದು ಗ್ರಿಸ್ಟೀನ ಎಂಬ ಅಮೆರಿಕನ್ ವೈದ್ಯರು 1987ರಲ್ಲಿ ವರ್ಣಿಸಿದರು.

ಸೋಂಕು ತಗಲಿದ ಕೃತಕ ಸೊಂಟವನ್ನು ತೆಗೆಯಲೇಬೇಕಾಗಿ ಬಂದಾಗ ಇನ್ನೊಂದು ಪ್ರಶ್ನೆ. ಒಂದೇ ಸಲ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬಹುದೆ, ಅಥವಾ ತೆಗೆದು, ತಿಂಗಳುಗಟ್ಟಲೆ ಕಾದು, ಎರಡನೆಯ ಬಾರಿ ಕೊಯ್ಯಬೇಕೆ? ಎರಡು ಕೊಯ್ತಗಳ ನಡುವಿನ ತಿಂಗಳುಗಳು ಎಂಥವೆಂಬುದನ್ನು ಊರುಗೋಲು ಹಿಡಿದು ಬಲ್ಲವರೇ ಬಲ್ಲರು. ಬ್ರಿಟನ್ ಮತ್ತು ಸ್ವೀಡನ್ನಿನ 15 ಕೇಂದ್ರಗಳಲ್ಲಿ 140 ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ 2022ರಲ್ಲಿ ಬಂತು. ಹದಿನೆಂಟು ತಿಂಗಳ ಕೊನೆಗೆ ನೋವು ಮತ್ತು ಓಡಾಟದಲ್ಲಿ ಎರಡು ಪಂಗಡಕ್ಕೂ ಭೇದವಿರಲಿಲ್ಲ, ಮೂರು ತಿಂಗಳ ಹೊತ್ತಿಗೆ ಒಂದೇ ಸಲ ಮುಗಿಸಿಕೊಂಡವರು ಮುಂದಿದ್ದರು, ಖರ್ಚೂ ಕಡಮೆ.

ಒಮ್ಮೆ ತೀರ್ಮಾನವಾದ ಪ್ರಶ್ನೆಯೂ ಮತ್ತೆ ತಲೆಯೆತ್ತುವುದುಂಟು. ಕೃತಕ ಸೊಂಟದ ಆದ್ಯ ಪ್ರವರ್ತಕರಾದ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅವರು 1960ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಸುತ್ತ ಶೋಧಿಸಿದ ಗಾಳಿಯ ಕೊಠಡಿಯನ್ನೇ ಕಟ್ಟಿ, ನೂರಕ್ಕೆ ಸುಮಾರು ಏಳರಷ್ಟಿದ್ದ ಸೋಂಕನ್ನು ಒಂದಕ್ಕಿಂತ ಕೆಳಗಿಳಿಸಿದರು. 1982ರಲ್ಲಿ 8000ಕ್ಕೂ ಮಿಕ್ಕಿದ ಶಸ್ತ್ರಚಿಕಿತ್ಸೆಗಳ ಪರೀಕ್ಷೆಯೊಂದು ಶುದ್ಧಗಾಳಿಯಿಂದ ಸೋಂಕು ಅರ್ಧಕ್ಕೆ ಇಳಿಯುವುದೆಂದು ತೋರಿಸಿತು. ಆಸ್ಪತ್ರೆಗಳು ಅಂಥ ಯಂತ್ರಗಳಿಗೆ ಧಾರಾಳವಾಗಿ ಹಣ ಸುರಿದುವು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಬೇರೆ ದೇಶಗಳ ಹೊಸ ಅಂಕಿಸಂಖ್ಯೆಗಳನ್ನು ನೋಡಿ, ಕೀಲು ಬದಲಿಸುವಾಗ ಈ ಗಾಳಿಯ ಯಂತ್ರಗಳನ್ನು ಬಳಸಬೇಕಾಗಿಲ್ಲವೆಂದು ಸಲಹೆ ಮಾಡಿತು!

2018ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ 90ಕ್ಕೂ ಹೆಚ್ಚು ದೇಶಗಳ 800ಕ್ಕೂ ಮಿಕ್ಕ ತಜ್ಞರು ಸೇರಿ ಎಲುಬು ಕೀಲುಗಳ ಸೋಂಕಿನ ಪ್ರಶ್ನೆಗಳನ್ನು ಒಂದೊಂದಾಗಿ ಮತಕ್ಕೆ ಹಾಕಿದರು. ಅನೇಕ ಪ್ರಶ್ನೆಗಳಲ್ಲಿ ಒಮ್ಮತ ಬಲವಾಗಿತ್ತು, ಆಧಾರ ಮಾತ್ರ ದುರ್ಬಲವಾಗಿತ್ತು. ಇಂಥ ಸಭೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಲ್ಲಿ ಅಜ್ಞಾನವಿದೆಯೆಂದು ಒಪ್ಪಿ ಪಟ್ಟಿ ಮಾಡುವುದೂ ದೊಡ್ಡ ಕೆಲಸವೇ. ಆದರೆ ಪಂಚಾಯಿತಿಯಲ್ಲಿ ಕೈಯೆತ್ತಿದ ಮಾತ್ರಕ್ಕೆ ಕ್ರಿಮಿ ಸಾಯುವುದಿಲ್ಲ. ಪರೀಕ್ಷೆ ನಡೆಯಬೇಕು, ಅದಕ್ಕೆ ಹಣ ಬೇಕು. ಹಳೆಯ ಮಾತ್ರೆಯನ್ನು ಕಡಮೆ ದಿನ ಕೊಡುವುದರಲ್ಲಿ ಯಾವ ಔಷಧದ ಕಂಪೆನಿಗೆ ತಾನೆ ಲಾಭ? ಓವಿವಾ ಪರೀಕ್ಷೆ ನಡೆದದ್ದು ಬ್ರಿಟನ್ನಿನ ಸಾರ್ವಜನಿಕ ಹಣದಿಂದ. ಹೊಸ ಔಷಧಕ್ಕೆ ಹಣ ಹೂಡುವವರು ಇದ್ದೇ ಇದ್ದಾರೆ. ಸಾದಾ ಪ್ರಶ್ನೆಗೆ ಸರಕಾರವೇ ದಿಕ್ಕು. ಅದಕ್ಕೇ ಅದಕ್ಕೆ ಮೊದಲ ಮಣೆ ಹಾಕಬೇಕೆನ್ನುವುದು.

ಇದೆಲ್ಲ ಹೊರದೇಶದ ಮಾತಾಯಿತು, ನಮ್ಮಲ್ಲಿ ಇಂಥದು ನಡೆಯಲಾರದು ಎಂದು ವಾಚಕರು ಭಾವಿಸಬಾರದು. ಸಾದಾ ಪ್ರಶ್ನೆಯನ್ನು ಕೆಚ್ಚಿನಿಂದ ಕೇಳಿದ ಊರು ನಮ್ಮ ನೆರೆಯ ಮದರಾಸು. 1956ರಲ್ಲಿ ಅಲ್ಲಿ ಸ್ಥಾಪನೆಯಾದ ಕ್ಷಯರೋಗದ ಔಷಧಚಿಕಿತ್ಸಾ ಕೇಂದ್ರ ಶ್ವಾಸಕೋಶದ ಕ್ಷಯಕ್ಕೆ ಸ್ಯಾನಿಟೋರಿಯಂ ಬೇಕೇ, ಮನೆಯಲ್ಲಿಯೇ ಮದ್ದು ಸಾಕೇ ಎಂದು ತೂಗಿ ನೋಡಿ, ಇಕ್ಕಟ್ಟಾದ ಬಡವರ ಮನೆಯಲ್ಲಿಯೂ ಮದ್ದು ಅಷ್ಟೇ ಚೆನ್ನಾಗಿ ಕೆಲಸ ಮಾಡುವುದೆಂದು 1959ರಲ್ಲಿ ಲೋಕಕ್ಕೆ ತೋರಿಸಿಕೊಟ್ಟಿತು. ಕ್ಷಯ ಎಲುಬಿಗೂ ತಗಲುತ್ತದೆ. ತಗಲಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬೆನ್ನೆಲುಬಿಗೆ. ಹಿಂದೆ ಅಂಥವರನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಪ್ಲಾಸ್ಟರಿನ ಹಾಸಿಗೆಯಲ್ಲಿ ಅಂಗಾತ ಮಲಗಿಸುತ್ತಿದ್ದರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯವರು ಕೊರಿಯ ದೇಶದ ಮಾಸಾನ್ ಮತ್ತು ಪೂಸಾನ್ ನಗರಗಳಲ್ಲಿ ಪರೀಕ್ಷಿಸಿ 1973ರಲ್ಲಿ ವರದಿ ಮಾಡಿದರು: ಔಷಧ ಸರಿಯಾಗಿ ನಡೆದರೆ ಆರು ತಿಂಗಳು ಮಲಗಿದ್ದವರಿಗೂ ಮೊದಲಿನಿಂದ ಓಡಾಡಿಕೊಂಡಿದ್ದವರಿಗೂ ಭೇದವಿಲ್ಲ; ಪ್ಲಾಸ್ಟರಿನ ಅಂಗಿ ತೊಟ್ಟವರಿಗೂ ತೊಡದವರಿಗೂ ಭೇದವಿಲ್ಲ. ಅಲ್ಲಿಯವರೆಗೆ ಎಷ್ಟು ಮಕ್ಕಳ ಬಾಲ್ಯ ಆ ಹಾಸಿಗೆಗಳಲ್ಲಿ ಕಳೆದುಹೋಗಿತ್ತೋ!

ಇದರ ಮುಂದಿನ ಹೆಜ್ಜೆ ಮದರಾಸಿನದು. ನಡೆದಾಡಬಲ್ಲ 304 ರೋಗಿಗಳನ್ನು ಮೂರು ಪಂಗಡ ಮಾಡಿ, ಒಂದಕ್ಕೆ ದೊಡ್ಡ ಶಸ್ತ್ರಚಿಕಿತ್ಸೆಯೊಡನೆ ಆರು ತಿಂಗಳ ಔಷಧ, ಉಳಿದೆರಡಕ್ಕೆ ಓಡಾಡಿಕೊಂಡೇ ಆರು ಅಥವಾ ಒಂಬತ್ತು ತಿಂಗಳ ಔಷಧ ಕೊಟ್ಟರು. ಹತ್ತು ವರ್ಷ ಅವರ ಜಾಡು ತಪ್ಪದಂತೆ ನೋಡಿಕೊಂಡು 1999ರಲ್ಲಿ ವರದಿ ಮಾಡಿದರು. ಮೂರು ಪಂಗಡದಲ್ಲಿಯೂ ನೂರಕ್ಕೆ ತೊಂಬತ್ತು ಅಥವಾ ಅದಕ್ಕೆ ಮೇಲ್ಪಟ್ಟು ಮಂದಿ ಚೆನ್ನಾಗಿದ್ದರು. ಕತ್ತಿಯಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಇಷ್ಟಾದರೂ 2016ರ ಭಾರತೀಯ ಮಾರ್ಗಸೂಚಿ ಎಲುಬು ಕೀಲುಗಳ ಕ್ಷಯಕ್ಕೆ ಹನ್ನೆರಡು ತಿಂಗಳು, ಅಗತ್ಯ ಕಂಡರೆ ಹದಿನೆಂಟು ತಿಂಗಳು ಔಷಧ ಎಂದಿತು. ಬರೆದವರು ಮದರಾಸಿನ ಕೆಲಸವನ್ನು ಅರಿಯದವರಲ್ಲ. ಎಲುಬಿನೊಳಗೆ ಕ್ರಿಮಿ ಪೂರ್ತಿ ಅಳಿಯಿತೆಂದು ನಿಸ್ಸಂಶಯವಾಗಿ ಹೇಳುವ ಪರೀಕ್ಷೆಯೇ ಇಲ್ಲ. ರೋಗ ವಾಸಿಯಾದ ಮೇಲೂ ಎಂ.ಆರ್.ಐ. ಚಿತ್ರದಲ್ಲಿ ಕಲೆ ಉಳಿದಿರುತ್ತದೆ. ವೈದ್ಯರಿಗೆ ಅಂಜಿಕೆ ಸಹಜ. ಅಂಥ ಒಂದು ಪರೀಕ್ಷೆಯನ್ನು ಕಂಡುಹಿಡಿದವರು ಹೊಸ ಔಷಧ ಕಂಡುಹಿಡಿದವರಿಗಿಂತ ದೊಡ್ಡ ಉಪಕಾರ ಮಾಡಿದಂತಾಗುವುದೆಂದು ನನಗನ್ನಿಸುತ್ತದೆ. ಸದ್ಯಕ್ಕೆ ವಾಚಕರು ಮಾಡಬಹುದಾದ ಉಪಕಾರವೊಂದಿದೆ: ಜ್ವರದೊಡನೆ ಎಲುಬು ಅಥವಾ ಕೀಲು ನೋಯುತ್ತಿದ್ದರೆ ಅಂಗಡಿಯಿಂದ ಆಂಟಿಬಯಾಟಿಕ್ ಮಾತ್ರೆ ತಂದು ನುಂಗಬೇಡಿ, ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಅರೆಬರೆ ಮದ್ದು ಬಿದ್ದ ಮೇಲೆ ತೆಗೆದ ಕೀವಿನ ಮಾದರಿಯಲ್ಲಿ ಕ್ರಿಮಿ ಬೆಳೆಯದೆಹೋಗಿ, ಅದು ಯಾವುದೆಂದೇ ತಿಳಿಯದಂತಾಗುತ್ತದೆ.

ಇನ್ನೊಂದು ಪ್ರಶ್ನೆ ನಮ್ಮ ನಗರದ ಮನೆಗಳಿಗೆ ಬಹಳ ಹತ್ತಿರವಾದುದು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಹುಣ್ಣಾಗಿ ಅದು ಒಳಗಿನ ಎಲುಬಿಗೆ ಇಳಿದಾಗ ಬೆರಳನ್ನು ತೆಗೆಯಬೇಕೇ, ಔಷಧದಿಂದಲೇ ಉಳಿಸಬಹುದೇ, ಉಳಿಸುವುದಾದರೆ ಎಷ್ಟು ವಾರ? 2015ರಲ್ಲಿ ಫ್ರಾನ್ಸಿನಿಂದ ಬಂದ ಒಂದು ಅಧ್ಯಯನ ಶಸ್ತ್ರಚಿಕಿತ್ಸೆಯಿಲ್ಲದೆ ಆರು ವಾರ ಮತ್ತು ಹನ್ನೆರಡು ವಾರಗಳನ್ನು ಹೋಲಿಸಿ, ಗುಣ ಹೊಂದಿದವರ ಪ್ರಮಾಣದಲ್ಲಿ ಗಣನೀಯವಾದ ವ್ಯತ್ಯಾಸವಿಲ್ಲವೆಂದಿತು. ಅದರಲ್ಲಿದ್ದ ರೋಗಿಗಳು ಒಟ್ಟು 40. ನಮ್ಮ ಯಾವುದಾದರೂ ದೊಡ್ಡ ಆಸ್ಪತ್ರೆಯ ಮಧುಮೇಹ ವಿಭಾಗದ ಮುಂದೆ ಬೆಳಗ್ಗೆ ಚೀಟಿ ಹಿಡಿದು ಕುಳಿತವರ ಸಾಲಿನಲ್ಲಿಯೇ ಅದಕ್ಕಿಂತ ಹೆಚ್ಚು ಮಂದಿ ಇರುತ್ತಾರೆ.